ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಾನು ಲೆಕ್ಕ ಬರೆಯುವವಳು. ಚೆಂಡು ಒದ್ದವಳಲ್ಲ.
ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬೀದಿಯಲ್ಲಿ
ಹಲ್ಲಿನ ಡಾಕ್ಟರ್ ಕ್ವಾನರ ಮಹಡಿಯ ಮೇಲೆ ಕ್ಲಬ್ಬಿನ ಆಫೀಸು:
ಒಂದು ಕಿಟಕಿ, ಒಂದೂವರೆ ಮೇಜು,
ಮಿಕ್ಕರ್ಧದ ಮೇಲೆ ಅವರ ಹಳೆಯ ರೋಗಿಗಳ ದವಡೆಯ ಅಚ್ಚು.
ಬಾಡಿಗೆ ಮಾತ್ರ ಪೂರ್ತಿ ನಮ್ಮದು.

ಕೆಳಗೆ ಕೊರೆಯುವ ಸದ್ದು.
ಮೇಲೆ ನಾನು ಕೂಡುತ್ತೇನೆ, ಕಳೆಯುತ್ತೇನೆ,
ಕಳೆಯುವುದೇ ಹೆಚ್ಚು.

ಮೈದಾನ ನಗರಸಭೆಯದು, ಗಂಟೆಗಿಷ್ಟು.
ದೀಪದ ಕಂಬಕ್ಕೆ ಬೇರೆ, ಗೆರೆ ಎಳೆಯುವ ಬಿಳಿ ಬಣ್ಣಕ್ಕೆ ಬೇರೆ,
ಗೇಟು ತೆಗೆಯುವವನಿಗೆ ಬೇರೆ, ಮುಚ್ಚುವವನಿಗೆ ಬೇರೆ.
ಇಬ್ಬರೂ ಒಬ್ಬನೇ.
ರಾತ್ರಿ ಹತ್ತಕ್ಕೆ ದೀಪ ಆರಲೇಬೇಕು:
ಗುಡ್ಡದ ಮೇಲಿನ ಮನೆಗಳ ಬೆಲೆಗೆ
ನಮ್ಮ ಬೆಳಕು ಬಡಿಯುತ್ತದಂತೆ.
ಪುಕ್ಕಟೆ ಬರುವುದು ಸಮುದ್ರದ ಮಂಜೊಂದೇ,
ಟಿಕೆಟ್ಟಿಲ್ಲದೆ ಒಳನುಗ್ಗಿ ಪಡುವಣ ಗ್ಯಾಲರಿ ತುಂಬ ಕೂತುಬಿಡುತ್ತದೆ.
"ಅದನ್ನೂ ಹಾಜರಿಗೆ ಸೇರಿಸಿಕೊಳ್ಳಿ" ಎನ್ನುತ್ತಾನೆ ಕೋಚ್ ಹೊರ್ವಾತ್,
ಮೂರು ತಿಂಗಳಿಂದ ಅರ್ಧ ಸಂಬಳದವನು.

ಗೋಲ್‌ಕೀಪರ್ ಎಬ್ರಿಮಾ ಜಟ್ಟಾ, ಗಾಂಬಿಯಾದವನು, ಆರಡಿ ನಾಲ್ಕಂಗುಲ.
ಒಬ್ಬ ನರ್ಸಮ್ಮನ ಮನೆಯ ಮೆಟ್ಟಿಲ ಕೆಳಗೆ
ನಾವು ಹಿಡಿದುಕೊಟ್ಟ ಕೋಣೆ. ಮಂಚ ಐದೂವರೆ ಅಡಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ತಿಳಿದವರು.
ತಿಳಿದವರು ಗೋಲು ಕಾದವರಲ್ಲ;
ಚಾಚುವುದಕ್ಕೇ ಅವನಿಗೆ ನಾವು ಸಂಬಳ ಕೊಡುವುದು.
ರಾತ್ರಿಯಿಡೀ ಮಡಚಿಟ್ಟ ಮಂಡಿಗಳನ್ನು
ಬೆಳಿಗ್ಗೆ ಒಂದೊಂದಾಗಿ ಬಿಚ್ಚುತ್ತಾನೆ, ಹಳೆಯ ಕೊಡೆ ಬಿಚ್ಚಿದ ಹಾಗೆ.
ತುಫುಗಾ ಬರುವುದು ಎರಡು ಸೇತುವೆಗಳಾಚೆಯಿಂದ.
ಊರಿನ ಹೆಸರು ಎದೆಯ ಮೇಲೆ ಹೊತ್ತವರಲ್ಲಿ
ಊರೊಳಗೆ ಮಲಗುವವರು ನಾಲ್ಕೇ ಮಂದಿ.

ಇಪ್ಪತ್ತನಾಲ್ಕನೆಯ ಬೀದಿಯ ಲಾಂಡ್ರಿ
ಈಗ ನಾಯಿಗಳಿಗೆ ಕೇಕು ಮಾರುವ ಅಂಗಡಿ.
ಅಂದಿನಿಂದ ಎಡುವಿಹೆಸ್ ಮೆನ್ಹೀವರ್ ಅಂಗಿಗಳನ್ನೆಲ್ಲ
ತನ್ನ ಸ್ನಾನದ ತೊಟ್ಟಿಯಲ್ಲೇ ಒಗೆಯುತ್ತಾಳೆ,
ಮೊಮ್ಮಗನ ಸರದಿ ಮುಗಿದ ಮೇಲೆ.
ನೀರಿನ ಬಿಲ್ಲು ಕೊಡು ಅಂದೆ. ಕೊಡಲಿಲ್ಲ.
ಸೋಪಿನದು? ಅದೂ ಇಲ್ಲ.
ಯಾವ ಕಾಲಮ್ಮಿನಲ್ಲಿ ಬರೆಯಲಿ ಅವಳನ್ನು?

ಸೆಪ್ಟೆಂಬರಿನಲ್ಲಿ ಮಾಲೀಕರ ಫೋನು.
"ಮಾರುವಂಥದ್ದು ಏನೇನಿದೆ, ಪಟ್ಟಿ ಕಳಿಸಿ."
ಬರೆದೆ: ಚೆಂಡು ಮೂವತ್ತೊಂದು, ಎರಡರಲ್ಲಿ ಗಾಳಿ ನಿಲ್ಲದು.
ಬಲೆ ಎರಡು ಜೊತೆ. ಸ್ಟ್ರೆಚರ್ ಒಂದು.
ಡೋಲು ಒಂದು. ಅದು ನಮ್ಮದಲ್ಲ, ಗ್ಯಾಲರಿಯವರದು; ಹೊಡೆದುಹಾಕಿದೆ.
ಹೆಸರು, ಲಾಂಛನ: ಬೆಲೆ ತಿಳಿಯದು.

ಕೊನೆಯ ಆಟಕ್ಕೆ ಸಾವಿರದ ನೂರಾ ಆರು ಜನ, ಮಂಜು ಬಿಟ್ಟು.
ಫ್ರೆಸ್ನೋದವರ ಬಸ್ಸು ತಡವಾಗಿ ಎಂಟೂಕಾಲಿಗೆ ಶುರು.
ಒಂದಕ್ಕೊಂದು ಸಮ. ಕೊನೆಯ ನಿಮಿಷದಲ್ಲಿ ಅವರಿಗೆ ಪೆನಾಲ್ಟಿ.
ಹುಡುಗ ಚೆಂಡಿಟ್ಟು, ಹಿಂದೆ ಸರಿದು, ಓಡಿಬಂದ.
ಹತ್ತು ಗಂಟೆ.
ಕರಾರು ಕರಾರೇ. ನಾಲ್ಕೂ ಕಂಬ ಒಟ್ಟಿಗೆ ಆರಿದವು.

ಕತ್ತಲಲ್ಲಿ ಒದ್ದ ಸದ್ದು. ಆಮೇಲೆ ಇನ್ನೊಂದು ಸದ್ದು,
ಬಲೆಯದೋ, ಕೈಯದೋ, ನೆಲದ್ದೋ.
ಡೋಲು ಸುಮ್ಮನಾಯಿತು.
ಕಣ್ಣು ಕತ್ತಲಿಗೆ ಒಗ್ಗಿದಾಗ
ಎಬ್ರಿಮಾ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿದ್ದ,
ಆರಡಿ ನಾಲ್ಕಂಗುಲವೂ, ಅದರ ಮೇಲೆ ತೋಳು,
ತೋಳಿನ ತುದಿಯಲ್ಲಿ ಚೆಂಡು.
"ಹಿಡಿದೆ" ಅಂದ.
"ಗೆರೆ ದಾಟಿದ್ದನ್ನು ಎಳೆದುಕೊಂಡ" ಅಂದರು ಅವರು.
ರೆಫರಿ ಬರೆದ: ಆಟ ಅಪೂರ್ಣ, ಫಲಿತಾಂಶವಿಲ್ಲ.

ಚಿಕ್ಕವಳಿದ್ದಾಗ ಅಣ್ಣಂದಿರ ಆಟಕ್ಕೆ ಹಟ ಹಿಡಿದು ಸೇರುತ್ತಿದ್ದೆ;
ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ,
ಓಡಿ ಓಡಿ ಉಬ್ಬಸ ಮಾತ್ರ ನಿಜದ್ದು.
ಈ ಊರು ನಮ್ಮನ್ನು ಸೇರಿಸಿಕೊಂಡದ್ದೂ ಹಾಗೆಯೇ.

ಸೋಮವಾರ ನಗರಸಭೆಯ ಬಿಲ್ಲು ಬಂತು,
ದೀಪಕ್ಕೆ ಮೂರು ಗಂಟೆ, ಪೂರ್ತಿ.
ಕೆಳಗೆ ಕ್ವಾನ್ ಯಾರದೋ ಹಲ್ಲು ಕೀಳುತ್ತಿದ್ದರು.
ಎಬ್ರಿಮಾ ಆ ಚೆಂಡು ವಾಪಸು ಕೊಟ್ಟಿಲ್ಲ,
ನಾನೂ ಕೇಳಿಲ್ಲ.
ಪಟ್ಟಿ ತೆಗೆದು ತಿದ್ದಿದೆ:
ಚೆಂಡು, ಮೂವತ್ತು.